ಲೋಗೋ ಆಮೇಲೆ ಮಾಡಿ, ಮೊದ್ಲು ಟ್ಯಾಗ್ ಬರೀರಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಡಿಸೈನ್ ಕಾಲೇಜ್ ಹುಡುಗ್ರದ್ದೇ, ಜ್ಯೂರಿ, ಅಂದ್ರೆ ಕೊನೇ ಮೌಲ್ಯಮಾಪನದ ಟೈಮ್ ಹತ್ರ ಬಂತು ಅಂತ ಕಾಣತ್ತೆ. ಎಲ್ಲಾರ ಪ್ರಶ್ನೆನೂ ಸುತ್ತಿ ಬಳಸಿ ಒಂದೇ ಕಡೆ ಬಂದು ನಿಲ್ಲತ್ತೆ, ಒಬ್ಬರು ಬಟ್ಟೆ ಮಾಡಿರ್ತಾರೆ, ಇನ್ನೊಬ್ಬರು ಅದಕ್ಕೆ ಹೆಸರು, ಲೋಗೋ, ಡಬ್ಬ ಮಾಡ್ಬೇಕು, ಮಧ್ಯದಲ್ಲಿ ಜಗಳ. ಹಾಗಾಗಿ ಈ ಸಂಚಿಕೆ ಪೂರ್ತಿ ಅದಕ್ಕೇ ಇಟ್ಟಿದ್ದೀನಿ, ಅಡುಗೆಮನೆ ರಿಪೇರಿ ಬಗ್ಗೆ ಕೇಳಿದವರು ದಯವಿಟ್ಟು ಮುಂದಿನ ಸಲದವರೆಗೆ ತಡ್ಕೊಳಿ.

ಪ್ರಶ್ನೆ: ನಮಸ್ಕಾರ ಅಕ್ಕಾರ. ನಾ ಗ್ರಾಫಿಕ್ ಡಿಸೈನ್ ಕಲಿಯಾಕತ್ತೀನಿ, ಕಡೀ ವರ್ಷ. ನನ್ನ ಗೆಳತಿ ಫ್ಯಾಶನ್ ವಿಭಾಗದಾಕಿ, ಗುಳೇದಗುಡ್ಡ ಖಣದಾಗ, ಅಂದ್ರ ನಮ್ಮ ಕಡೆ ಕುಬಸಕ್ಕ ನೇಯೋ ಬಟ್ಟ್ಯಾಗ, ಹನ್ನೆರಡು ಪೀಸಿನ ಕಲೆಕ್ಷನ್ ಮಾಡ್ಯಾಳ, ಜಾಕೆಟ್ಟು, ಕುರ್ತಾ, ಎರಡು ಬ್ಯಾಗು, ಒಂದ್ ಜೋಡಿ ಚಪ್ಪಲಿನೂ ಅದಾವ. ಅದಕ್ಕ ಬ್ರ್ಯಾಂಡಿಂಗ್ ಮಾಡೋ ಕೆಲಸ ನನಗೂ ಇನ್ನಿಬ್ಬರು ಕ್ಲಾಸ್‌ಮೇಟ್ಸಿಗೂ ಬಂದೈತಿ. ಎರಡು ತಿಂಗಳಾತು, ಇನ್ನೂ ಹೆಸರು ಕೂಡಿ ಬಂದಿಲ್ಲ. ಒಬ್ಬಾಂವ ಇಂಗ್ಲಿಷ್ ಹೆಸರ ಬೇಕಂತಾನ, ಒಬ್ಬಾಕಿ 'ಗುಳೇದಗುಡ್ಡ' ಅಂತನ ಇಡೂಣು ಅಂತಾಳ. ನಾ ಮಾಡಿದ ಲೋಗೋ ಹದಿನಾಲ್ಕು ಅದಾವ, ಗೆಳತಿಗೆ ಒಂದೂ ಸೇರವಲ್ದು. 'ಇದರಾಗ ನನ್ನ ಬಟ್ಟಿ ಎಲ್ಲೈತಿ' ಅಂತ ಕೇಳ್ತಾಳ. ಜ್ಯೂರಿಗೆ ಇನ್ನ ಐದು ವಾರ ಐತಿ. ಎಲ್ಲಿಂದ ಶುರು ಮಾಡೂದ್ರಿ?
(ಹುಬ್ಬಳ್ಳಿ ಓದುಗಿ, ಹೆಸರು ಬ್ಯಾಡ ಅಂದಾರೆ)

ಉತ್ತರ: ಹದಿನಾಲ್ಕು ಲೋಗೋನಾ ತಂಗಿ! ಅಷ್ಟೂ ಒಂದು ಫೋಲ್ಡರ್‌ಗೆ ಹಾಕಿ ಮುಚ್ಚಿಡು, ಡಿಲೀಟ್ ಮಾಡ್ಬೇಡ, ಜ್ಯೂರಿಗೆ ಪ್ರೋಸೆಸ್ ಅಂತ ತೋರಿಸೋಕೆ ಬೇಕಾಗತ್ತೆ. ಈಗ ಒಂದು ಬಿಳಿ ಹಾಳೆ ತಗೊಂಡು, ಬಟ್ಟೆಗೆ ನೇತುಹಾಕೋ ಟ್ಯಾಗ್ ಇರತ್ತಲ್ಲ, ಅದರ ಹಿಂಭಾಗದಲ್ಲಿ ಏನು ಅಚ್ಚಾಗಬೇಕು ಅನ್ನೋದನ್ನ ನಾಲ್ಕೂ ಜನ ಒಟ್ಟಿಗೆ ಕೂತು ಬರೀರಿ. ಯಾವ ಬಟ್ಟೆ, ಯಾವ ನೂಲು, ಕೈಮಗ್ಗದ್ದೋ ಪವರ್‌ಲೂಮ್‌ದೋ, ಯಾರು ನೇಯ್ದರು, ಎಲ್ಲಿ, ಒಳಗಿನ ಲೈನಿಂಗ್ ಯಾವುದು, ಯಾರು ಹೊಲಿದರು. ಐದಾರು ಸಾಲು ಸಾಕು. ಬರೆಯೋಕೆ ಕೂತ ತಕ್ಷಣ ಯಾವ ಸಾಲಲ್ಲಿ ಪೆನ್ನು ನಿಲ್ಲತ್ತೋ ಅಲ್ಲೇ ನಿಮ್ಮ ಎರಡು ತಿಂಗಳ ಜಗಳದ ಬೇರು ಇರೋದು.

ಇದನ್ನ ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ ನಾನೇ ಸುಟ್ಟುಕೊಂಡಿದ್ದೀನಿ. ನಮ್ಮ ಫೈನಲ್ ಇಯರ್‌ನಲ್ಲಿ ನಾವು ಐದು ಜನ ಲೋಗೋ, ಬಣ್ಣ, ಡಬ್ಬ ಎಲ್ಲ ಮುಗಿಸಿ ಕೊನೆಗೆ ಟ್ಯಾಗ್‌ಗೆ ಏನಾದ್ರೂ ಬರೀಬೇಕಲ್ಲ ಅಂತ 'ಪೂರ್ತಿ ಕೈಮಗ್ಗ' ಅಂತ ಹಾಕಿ 300 ಟ್ಯಾಗ್ ಅಚ್ಚು ಹಾಕಿಸಿಬಿಟ್ವಿ. ಪ್ರದರ್ಶನದ ದಿನ ಬಟ್ಟೆ ನೇಯ್ದ ಅಜ್ಜನ್ನೇ ಅತಿಥಿಯಾಗಿ ಕರೆಸಿದ್ವಿ, ಅವರು ಜಾಕೆಟ್ ಒಳಗೆ ಕೈ ಹಾಕಿ ಲೈನಿಂಗ್ ಹಿಡಿದು, ಬೆರಳಲ್ಲಿ ಒಂದ್ಸಲ ಉಜ್ಜಿ, 'ಇದು ಮಿಲ್ ಬಟ್ಟೆ ಅಲ್ವೇನಮ್ಮ' ಅಂದ್ರು. ಬೈಲಿಲ್ಲ, ಅಷ್ಟೇ ಅಂದು ಪಕ್ಕದ ಸ್ಟಾಲ್‌ಗೆ ಹೋದ್ರು. ನಾವು ರಾತ್ರಿಯೆಲ್ಲ ಕೂತು 300 ಟ್ಯಾಗ್ ಮೇಲೂ ಸ್ಟಿಕ್ಕರ್ ಅಂಟಿಸಿದ್ವಿ. ಇವತ್ತಿಗೂ ಸ್ಟಿಕ್ಕರ್ ವಾಸನೆ ಬಂದ್ರೆ ನಂಗೆ ಆ ಅಜ್ಜ ನೆನಪಾಗ್ತಾರೆ.

ಇನ್ನು ನಿನ್ನ ಗೆಳತಿ ಕೇಳಿದ್ದು, 'ನನ್ನ ಬಟ್ಟಿ ಎಲ್ಲೈತಿ' ಅಂತ. ಅವಳು ಕೇಳಿದ್ದು ಸರಿಯಾಗೇ ಇದೆ. ನೀವು ಮೂರೂ ಜನ ಆ ಖಣನ ಫೋಟೋದಲ್ಲಿ ನೋಡಿದ್ದೀರೋ ಕೈಯಲ್ಲಿ ಹಿಡಿದು ನೋಡಿದ್ದೀರೋ? ಒಂದು ಮಾರು ಬಟ್ಟೆ ತಂದು ಟೇಬಲ್ ಮೇಲೆ ಹಾಸಿ, ಹಿಂದೆ ತಿರುಗಿಸಿ ನೋಡಿ. ಖಣದಲ್ಲಿ ಹೂವು ಏಳೋದು ಹಾಸಿನ ಎಳೆಯಿಂದ, ಅಂದ್ರೆ ಮಗ್ಗದಲ್ಲಿ ಉದ್ದಕ್ಕೆ ಕಟ್ಟೋ ಎಳೆಯಿಂದ. ಮಾಮೂಲಿ ಹಾಸಿನ ಜೊತೆ ಹೆಚ್ಚಿನ ಎಳೆ ಸೇರಿಸಿ ಅದರಲ್ಲಿ ವಿನ್ಯಾಸ ಎಬ್ಬಿಸ್ತಾರೆ, ಅದಕ್ಕೇ ಚಿಕ್ಕ ಚಿಕ್ಕ ಬುಟ್ಟಾ ಹೂವುಗಳು ಉದ್ದಕ್ಕೆ ಸಾಲು ಹಿಡಿದು ಇರುವೆ ಹೊರಟಂಗೆ ಹೋಗೋದು. ದೊಡ್ಡ ಹೂವು ಒಂದು ನಡುವೆ ಕೂತ್ಕೊಂಡು ಮೆರೆಯೋ ಬಟ್ಟೆನೇ ಅಲ್ಲ ಅದು. ನೀನು ಮಾಡಿರೋ ಹದಿನಾಲ್ಕೂ ಲೋಗೋ ದೊಡ್ಡದಾಗಿ ಒಂದೇ ಒಂದು ಮಧ್ಯದಲ್ಲಿ ಕೂರೋ ಜಾತಿಯವಾಗಿರ್ತಾವೆ ಅಂತ ನನ್ನ ಅನುಮಾನ, ಹೌದೋ ಅಲ್ಲವೋ ನೀನೇ ಹೇಳು. ಚಿಕ್ಕದೊಂದು ಗುರುತು ಮಾಡಿ, ಅದೇ ಸಾಲಾಗಿ ಉದ್ದಕ್ಕೂ ಓಡೋ ಹಾಗೆ ಡಬ್ಬ, ರಿಬ್ಬನ್ನು, ಬಿಲ್ ಮೇಲೆಲ್ಲ ಹಾಕಿ ನೋಡು, ಆಗ ಅವಳ ಬಟ್ಟೆ ಅದರಲ್ಲಿ ಕಾಣ್ಸತ್ತೆ.

ಪ್ಯಾಕೇಜಿಂಗ್ ಬಗ್ಗೆ ನೀನು ಏನೂ ಕೇಳಿಲ್ಲ, ಆದ್ರೂ ಹೇಳ್ತೀನಿ, ಯಾಕಂದ್ರೆ ನಿಮ್ಮ ಕಡೆಯವರಿಗೆ ಅದು ಕಣ್ಣಿಗೇ ಬೀಳಲ್ಲ. ಅಂಗಡಿಯವರು ಖಣನ ತ್ರಿಕೋನವಾಗಿ ಮಡಿಚಿಡ್ತಾರಲ್ಲ, ಉಡಿ ತುಂಬುವಾಗ ತೆಂಗಿನಕಾಯಿ, ಅಕ್ಕಿ, ಬಳೆ ಜೊತೆ ಆ ತ್ರಿಕೋನನೇ ಸೆರಗಿಗೆ ಬೀಳೋದು, ಬಸುರಿ ಹೆಂಗಸಿಗೆ ಮಾಡೋ ಕಾರ್ಯಕ್ಕೆ ಹೆಸರೇ ಕುಬಸ, ಅಂದ್ರೆ ರವಿಕೆ. ಅಂದ್ರೆ ಆ ಬಟ್ಟೆನ ಒಬ್ಬರು ಇನ್ನೊಬ್ಬರಿಗೆ ಹೇಗೆ ಕೊಡಬೇಕು ಅನ್ನೋದನ್ನ ನಿಮ್ಮ ಅಜ್ಜಿಯರು ಎಷ್ಟೋ ತಲೆಮಾರಿನ ಹಿಂದೆನೇ ಡಿಸೈನ್ ಮಾಡಿಟ್ಟಿದ್ದಾರೆ, ನೀವು ಆನ್‌ಲೈನ್‌ನಲ್ಲಿ ಮ್ಯಾಗ್ನೆಟ್ ಡಬ್ಬ ಹುಡುಕ್ತಾ ಕೂತಿದ್ದೀರಿ. ತ್ರಿಕೋನದ ಮಡಿಕೆ ಇಟ್ಕೊಂಡು ಪೇಪರ್ ಲಕೋಟೆ ಮಾಡಿ ನೋಡಿ. ಹನ್ನೆರಡು ಪೀಸ್‌ಗೆ ಅಚ್ಚು ಹಾಕ್ಸೋ ಖರ್ಚೂ ಬೇಡ, ಒಂದು ರಬ್ಬರ್ ಸ್ಟಾಂಪ್ ಮಾಡಿಸಿದ್ರೆ ಮುಗೀತು.

ಚಪ್ಪಲಿ ವಿಷಯ ಮಾತ್ರ ಇವತ್ತೇ ನೋಡು, ನಾಳೆಗೆ ಇಡಬೇಡ. ಖಣದ ವಿನ್ಯಾಸಗಳಿಗೆ ಒಂದೊಂದಕ್ಕೂ ಹೆಸರಿದೆ, ತೇರು ಅಂತಾರೆ, ಸೂರ್ಯನಾರಾಯಣ ಅಂತಾರೆ, ಸಿದ್ಧೇಶ್ವರ ಮುಖ ಅಂತ ಒಂದಿದೆ. ನಿನ್ನ ಗೆಳತಿ ಚಪ್ಪಲಿಗೆ ಯಾವ ಖಣ ಕತ್ತರಿಸಿದ್ದಾಳೆ? ಬೆಂಗಳೂರಲ್ಲಿ ಕೂತ ಜ್ಯೂರಿಗೆ ಅದು ಬರೀ ಚಂದದ ಚುಕ್ಕಿ, ನೇಯ್ದ ಮನೆಯವರಿಗೆ ಅದು ಸಿದ್ಧೇಶ್ವರನ ಮುಖ. ಊರಿಗೆ ಫೋನ್ ಮಾಡಿ ಆ ವಿನ್ಯಾಸದ ಹೆಸರು ಕೇಳು, ದೇವರದ್ದಾಗಿದ್ರೆ ಚಪ್ಪಲಿಗೆ ಬೇರೆ ಪ್ಲೇನ್ ಬಟ್ಟೆ ಹಾಕಿ. ಮತ್ತೆ ಹಾಗೆ ಕೇಳಿದ ಹೆಸರುಗಳನ್ನ ಬಿಡಬೇಡ, ಪ್ರತಿ ಪೀಸ್ ಟ್ಯಾಗ್ ಮೇಲೂ ಅದರ ವಿನ್ಯಾಸದ ಹೆಸರು ಹಾಕಿ, 'ತೇರಿನ ಖಣದ ಜಾಕೆಟ್' ಅಂತ. ಇದಕ್ಕಿಂತ ಒಳ್ಳೆ ಹೆಸರನ್ನ ಯಾವ ಏಜೆನ್ಸಿಯವನೂ ಕೊಡಲ್ಲ.

ಇನ್ನು ಬ್ರ್ಯಾಂಡ್ ಹೆಸರು. 'ಗುಳೇದಗುಡ್ಡ' ಅಂತಲೇ ಇಡೋದು ಬೇಡ. ಗುಳೇದಗುಡ್ಡ ಖಣಕ್ಕೆ ಇಳಕಲ್ ಸೀರೆ ಥರಾನೇ ಜಿಐ (ಭೌಗೋಳಿಕ ಗುರುತು) ಇದೆ, ಅಂದ್ರೆ ಆ ಹೆಸರು ಅಲ್ಲಿ ನೇಯೋರೆಲ್ಲರ ಒಟ್ಟು ಆಸ್ತಿ, 1999ರ ಕಾಯ್ದೆ ಪ್ರಕಾರ ಅದನ್ನ ಒಬ್ಬರು ಇನ್ನೊಬ್ಬರಿಗೆ ಬರೆದುಕೊಡೋಕೂ ಆಗಲ್ಲ. ಟ್ರೇಡ್‌ಮಾರ್ಕ್ ಕಾಯ್ದೆಯಲ್ಲೂ ಬರೀ ಊರಿನ ಹೆಸರನ್ನ ನಂದು ಅಂತ ರಿಜಿಸ್ಟರ್ ಮಾಡೋದು ಕಷ್ಟ. ಹಾಗಂತ ಹೆದರ್ಕೊಂಡು ಊರ ಹೆಸರೇ ಮುಚ್ಚಿಡಬೇಡಿ, ಅದೂ ತಪ್ಪು. ಅಸಲಿ ಖಣನ ನ್ಯಾಯವಾಗಿ ದುಡ್ಡು ಕೊಟ್ಟು ತಂದು, ಅದರಿಂದ ಹೊಲಿದಿದ್ದೀರಿ ಅಂದ್ಮೇಲೆ 'ಗುಳೇದಗುಡ್ಡ ಖಣದಲ್ಲಿ ಮಾಡಿದ್ದು' ಅಂತ ಟ್ಯಾಗ್‌ನಲ್ಲಿ ಧಾರಾಳವಾಗಿ ಬರೀಬಹುದು. ಬಿಲ್ ಮಾತ್ರ ಜೋಪಾನ, ಯಾಕಂದ್ರೆ ಪಾಲಿಯೆಸ್ಟರ್ ನೂಲಿನ ಪವರ್‌ಲೂಮ್ ಬಟ್ಟೆನೂ ಖಣ ಅಂತಲೇ ಮಾರ್ಕೆಟ್‌ನಲ್ಲಿ ರಾಶಿ ಬಿದ್ದಿದೆ, ಜ್ಯೂರಿಲಿ ಯಾರಾದ್ರೂ ಒಂದು ಎಳೆ ಕಿತ್ತು ಬೆಂಕಿ ಕಡ್ಡಿ ಗೀರಿದ್ರೆ ಗೊತ್ತಾಗಿ ಹೋಗತ್ತೆ, ಹತ್ತಿ, ರೇಷ್ಮೆ ಉರಿದು ಬೂದಿ ಆಗತ್ತೆ, ಪಾಲಿಯೆಸ್ಟರ್ ಕರಗಿ ಗಂಟು ಕಟ್ಟತ್ತೆ.

ಕೊನೇದಾಗಿ ಜಗಳ. ನಾಲ್ಕು ಜನರಲ್ಲಿ ಕೊನೇ ಮಾತು ಯಾರದ್ದು ಅನ್ನೋದನ್ನ ನೀವು ಇನ್ನೂ ಮಾತಾಡ್ಕೊಂಡಿಲ್ಲ, ಪತ್ರ ಓದಿದ್ರೇನೇ ಗೊತ್ತಾಗತ್ತೆ. ಬಟ್ಟೆ ವಿಷಯದಲ್ಲಿ, ಬಣ್ಣ ವಿಷಯದಲ್ಲಿ ಗೆಳತಿ ಮಾತು. ಅಕ್ಷರ, ಸೈಜು, ಪ್ರಿಂಟು ವಿಷಯದಲ್ಲಿ ನಿನ್ನ ಮಾತು. ಉಳಿದ ಇಬ್ಬರಲ್ಲಿ ಒಬ್ಬರಿಗೆ ದುಡ್ಡಿನ ಲೆಕ್ಕ, ಒಬ್ಬರಿಗೆ ಫೋಟೋ. ಹೆಸರಿಗೆ ಮಾತ್ರ ನಾಲ್ಕೂ ಜನ ಒಪ್ಪಬೇಕು, ಒಂದು ವಾರ ಟೈಮು, ಆಗ್ಲಿಲ್ಲ ಅಂದ್ರೆ ಗೆಳತಿ ಹೇಳಿದ್ದೇ ಹೆಸರು, ಕಲೆಕ್ಷನ್ ಅವಳದ್ದು ತಾನೆ. ಇದನ್ನ ವಾಟ್ಸಾಪ್ ಗ್ರೂಪ್‌ನಲ್ಲಿ ಬರೆದು ಪಿನ್ ಮಾಡಿ. ಐದು ವಾರ ಬೇಕಾದಷ್ಟಾಯ್ತು.

ಪ್ರಶ್ನೆ: ಮೇಡಂ, ಹೋದ ವರ್ಷ ಕಾಲೇಜ್ ಪ್ರಾಜೆಕ್ಟ್‌ಗೆ ಅಂತ ಫ್ರೆಂಡ್‌ನ ಕಲೆಕ್ಷನ್‌ಗೆ ನಾನು ಲೋಗೋ, ಲೇಬಲ್ ಎಲ್ಲ ಮಾಡಿಕೊಟ್ಟೆ. ದುಡ್ಡು ಏನೂ ತಗೊಂಡಿಲ್ಲ, ಇಬ್ಬರಿಗೂ ಮಾರ್ಕ್ಸ್ ಬಂತು, ಅಲ್ಲಿಗೆ ಮುಗೀತು ಅಂದ್ಕೊಂಡೆ. ಈಗ ನೋಡಿದ್ರೆ ಅವನು ಅದೇ ಲೋಗೋ ಇಟ್ಕೊಂಡು ಇನ್‌ಸ್ಟಾದಲ್ಲಿ ಮಾರ್ತಾ ಇದ್ದಾನೆ, ಚೆನ್ನಾಗೇ ಹೋಗ್ತಿದೆಯಂತೆ. ನನ್ನ ಹೆಸರು ಎಲ್ಲೂ ಇಲ್ಲ. ಕೇಳಿದ್ರೆ 'ಮಗಾ ಅದು ಪ್ರಾಜೆಕ್ಟ್‌ಗೆ ಮಾಡಿದ್ದಲ್ವಾ' ಅಂತಾನೆ. ನನಗೆ ಹಕ್ಕು ಇದೆಯಾ ಇಲ್ವಾ?
(ಮೈಸೂರಿನ ಓದುಗ)

ಉತ್ತರ: ಇದೆ ತಮ್ಮಾ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಚಿತ್ರ ಬರೆದವನೇ ಅದರ ಮೊದಲ ಮಾಲೀಕ. ನೀನು ಅವನ ಹತ್ರ ಸಂಬಳಕ್ಕೆ ಇರ್ಲಿಲ್ಲ, ಬರೆದೂ ಕೊಟ್ಟಿಲ್ಲ. ಹಕ್ಕು ಬಿಟ್ಟುಕೊಡೋದಾದ್ರೆ ಅದು ಬರವಣಿಗೆಯಲ್ಲಿ ಸಹಿ ಸಮೇತ ಇರಬೇಕು, ಕ್ಯಾಂಟೀನ್‌ನಲ್ಲಿ ಟೀ ಕುಡೀತಾ 'ತಗೋ ಮಗಾ' ಅಂದಿದ್ದು ಲೆಕ್ಕಕ್ಕೆ ಬರಲ್ಲ. ಬರೆದುಕೊಟ್ಟಾಗ್ಲೂ ಎಷ್ಟು ವರ್ಷಕ್ಕೆ ಅಂತ ಹಾಕದೇ ಇದ್ರೆ ಐದೇ ವರ್ಷ, ಎಲ್ಲಿಗೆ ಅಂತ ಹಾಕದೇ ಇದ್ರೆ ಭಾರತದೊಳಗೆ ಮಾತ್ರ ಅಂತ ಕಾನೂನೇ ಹೇಳತ್ತೆ. ಹಕ್ಕು ಪೂರ್ತಿ ಮಾರಿದ್ಮೇಲೂ 'ಇದನ್ನ ಮಾಡಿದ್ದು ನಾನು' ಅಂತ ಹೇಳ್ಕೊಳೋ ಹಕ್ಕು ನಿನ್ನ ಹತ್ರನೇ ಉಳಿಯತ್ತೆ. ಒಂದು ವಿಷಯ ನೋಡ್ಕೋ, ಸ್ಟೂಡೆಂಟ್ ಕೆಲಸ ಯಾರಿಗೆ ಸೇರತ್ತೆ ಅಂತ ಕೆಲವು ಕಾಲೇಜ್‌ಗಳು ಅಡ್ಮಿಷನ್ ಟೈಮ್‌ನಲ್ಲೇ ಸಹಿ ಹಾಕಿಸ್ಕೊಂಡಿರ್ತವೆ, ಆ ಪೇಪರ್ ಹುಡುಕಿ ಓದು.

ಆದ್ರೆ ಹಕ್ಕಿದೆ ಅಂತ ನೋಟಿಸ್ ಕಳ್ಸೋಕೆ ಓಡ್ಬೇಡ. ಅಂಗಡಿ ನಡೆಸ್ತಿರೋನು ಅವನು, ಬಟ್ಟೆ ಅವನದ್ದು, ಗಿರಾಕಿ ಅವನದ್ದು, ನಿನ್ನ ಕೈಲಿರೋದು ಒಂದು ಚಿತ್ರ. ಅವನು ನಾಳೆ ಬೇರೆ ಲೋಗೋ ಮಾಡಿಸಿಕೊಂಡ್ರೆ ನಿನಗೆ ಸಿಗೋದೇನು? ಅದಕ್ಕಿಂತ ಕೂರಿಸಿ ಹೇಳು, 'ನೀನು ಟ್ರೇಡ್‌ಮಾರ್ಕ್ ಮಾಡಿಸ್ಕೊಳೋಕೆ ಹೋದ್ರೆ ನಾನು ಸಹಿ ಮಾಡಿದ ಪೇಪರ್ ಇಲ್ದಿದ್ರೆ ತೊಡಕಾಗಬಹುದು' ಅಂತ. ಟ್ರೇಡ್‌ಮಾರ್ಕ್ ಕೊಡೋದು ಸಾಮಾನಿನ ವರ್ಗ ನೋಡಿ, ಬಟ್ಟೆಗೆ 24ನೇ ಕ್ಲಾಸು, ಹೊಲಿದ ಉಡುಪಿಗೆ 25, ಒಬ್ಬ ವ್ಯಕ್ತಿ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದ್ರೆ ಒಂದೊಂದು ಕ್ಲಾಸಿಗೆ 4,500 ರೂಪಾಯಿ ಫೀಸು, ರಿಜಿಸ್ಟರ್ ಆದ್ರೆ 10 ವರ್ಷಕ್ಕೊಂದ್ಸಲ ರಿನ್ಯೂ. ಅಷ್ಟು ಖರ್ಚು ಮಾಡೋ ಮುಂಚೆ ಲೋಗೋ ಕಾಗದ ಸರಿ ಮಾಡ್ಕೊಳೋದು ಅವನಿಗೂ ಒಳ್ಳೇದೇ. ಒಂದು ಮೊತ್ತ ಹೇಳು, ಪೇಜ್‌ನಲ್ಲಿ ನಿನ್ನ ಹೆಸರು ಹಾಕೋಕೆ ಹೇಳು, ಒಂದು ಹಾಳೆ ಬರೆದು ಇಬ್ಬರೂ ಸಹಿ ಮಾಡಿ. ಒಪ್ಪದೇ ಇದ್ರೆ ಆಮೇಲೆ ವಕೀಲರು ಇದ್ದೇ ಇದ್ದಾರೆ.

ಪ್ರಶ್ನೆ: ಕನ್ನಡದಲ್ಲಿ ಬ್ರ್ಯಾಂಡ್ ಹೆಸರು ಬರೆದ್ರೆ ಡಿಸೈನ್ ಸಾಫ್ಟ್‌ವೇರ್ ಇಲ್ಲಸ್ಟ್ರೇಟರ್‌ನಲ್ಲಿ ಒತ್ತಕ್ಷರ ಎಲ್ಲ ಒಡೆದು ಚೆಲ್ಲಾಪಿಲ್ಲಿ ಆಗತ್ತೆ. ಇನ್ನು ಲೇಬಲ್ ನೇಯ್ಸಿದ್ರೆ ಅಕ್ಷರ ಓದೋಕೇ ಬರಲ್ಲ. ಟೀಮ್‌ನಲ್ಲಿ ಎಲ್ಲರೂ ಇಂಗ್ಲಿಷ್‌ಗೇ ಹೋಗೋಣ ಅಂತಿದ್ದಾರೆ. ಏನ್ ಮಾಡ್ಲಿ?
(ಬೆಂಗಳೂರು)

ಉತ್ತರ: ಸೆಟ್ಟಿಂಗ್ಸ್‌ನಲ್ಲಿ ಟೈಪ್ ಅನ್ನೋ ಕಡೆ ಇಂಡಿಕ್ ಆಪ್ಷನ್ ಅಂತ ಇದೆ, ಟಿಕ್ ಹಾಕಿ, ಆಮೇಲೆ ಪ್ಯಾರಾಗ್ರಾಫ್ ಪ್ಯಾನೆಲ್‌ನಲ್ಲಿ ಕನ್ನಡಕ್ಕೆ ಹೊಂದೋ ಕಂಪೋಸರ್ ಆರಿಸ್ಕೊಳಿ, ಅಕ್ಷರ ಕೂಡ್ಕೊಳತ್ತೆ. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನ ಯೂನಿಕೋಡ್ ಫಾಂಟ್‌ಗೆ ಬದಲಾಯಿಸಿದ್ರೂ ಹಿಂಗೇ ಕಸ ಆಗತ್ತೆ, ಮೊದ್ಲು ಕನ್ವರ್ಟ್ ಮಾಡಿ. ಪ್ರೆಸ್‌ಗೆ ಕಳಿಸೋ ಮುಂಚೆ ಅಕ್ಷರನ ಔಟ್‌ಲೈನ್, ಅಂದ್ರೆ ಚಿತ್ರದ ಗೆರೆ, ಮಾಡೋದು ಮರೀಬೇಡಿ, ಅವರ ಕಂಪ್ಯೂಟರ್‌ನಲ್ಲಿ ನಿಮ್ಮ ಫಾಂಟ್ ಇರಲ್ಲ. ಫಾಂಟ್‌ಗೆ ದುಡ್ಡು ಇಲ್ಲ ಅಂದ್ರೆ ಬಲೂ ತಮ್ಮ, ಅನೇಕ್ ಕನ್ನಡ, ಬೆಣ್ಣೆ, ಅಕಾಯ ಕನ್ನಡಕ ಇವೆಲ್ಲ ಓಪನ್ ಲೈಸೆನ್ಸ್‌ನವು, ಮಾರೋ ಸಾಮಾನಿನ ಮೇಲೂ ಹಾಕ್ಬಹುದು.

ನೇಯ್ದ ಲೇಬಲ್ ಬೇರೆ ಕಥೆ. ಕನ್ನಡಕ್ಕೆ ತಲೆಕಟ್ಟೂ ಬೇಕು, ಕೆಳಗೆ ಒತ್ತಿಗೂ ಜಾಗ ಬೇಕು. ಇಂಗ್ಲಿಷ್‌ನ ಅಳತೆಲೇ ಕನ್ನಡನೂ ತುರುಕಿದ್ರೆ ಒತ್ತು ದಾರದ ಗಂಟಾಗಿಬಿಡತ್ತೆ. ಲೇಬಲ್‌ನ ಅಗಲ ಹಂಗೇ ಇಟ್ಟು ಎತ್ತರ ಜಾಸ್ತಿ ಮಾಡಿ, ಸಣ್ಣ ಗೀಟು ಇರೋ ಫಾಂಟ್ ಬಿಟ್ಟು ಎಲ್ಲ ಗೀಟೂ ಒಂದೇ ದಪ್ಪ ಇರೋದು ತಗೊಳಿ, ಒಂದು ಸ್ಯಾಂಪಲ್ ನೇಯ್ಸಿ, ಒಂದ್ಸಲ ಒಗೆದು ನೋಡಿ. ಸಾಧ್ಯ ಆದ್ರೆ ಒತ್ತಕ್ಷರ ಕಮ್ಮಿ ಇರೋ ಹೆಸರೇ ಇಡಿ. ಇಂಗ್ಲಿಷ್‌ಗೆ ಹೋಗೋದಾದ್ರೆ ಇಷ್ಟಪಟ್ಟು ಹೋಗಿ, ಸಾಫ್ಟ್‌ವೇರ್‌ಗೆ ಸೋತು ಹೋಗ್ಬೇಡಿ.

ಪ್ರಶ್ನೆ: ಅಕ್ಕಾ, ನಮ್ಮ ಮನ್ಯಾಗ ಎರಡು ಕೈಮಗ್ಗ ಅದಾವ, ಅಪ್ಪ ಇಳಕಲ್ ಸೀರಿ ನೇಯ್ತಾನ, ಅವ್ವ ಲಾಳ್ಯಾಗ ಹಾಕೂ ನೂಲಿನ ಕಂಡಿಕಿ ಸುತ್ತತಾಳ. ವರ್ಷಾ ವರ್ಷಾ ಡಿಸೈನ್ ಹುಡುಗೂರು ಬರ್ತಾರ, ಫೋಟೋ ಹೊಡಕೋತಾರ, ಅಪ್ಪನ್ನ ಎರಡ ದಿನ ಪ್ರಶ್ನೆ ಕೇಳ್ತಾರ, 'ಈ ಬಣ್ಣದಾಗ ಒಂದ್ ಸ್ಯಾಂಪಲ್ ಮಾಡಿಕೊಡ್ರಿ' ಅಂತಾರ, ಹೋದವರು ಹೋದ್ರು. ಒಂದ್ ಸಲ ಮೊಬೈಲ್‌ನಾಗ ಅಪ್ಪನ ಕೈ ಫೋಟೋ ಯಾವುದೋ ಬ್ರ್ಯಾಂಡಿನ ಜಾಹೀರಾತಿನಾಗ ನೋಡಿದ್ವಿ. ಮುಂದಿನ ತಿಂಗಳ ಮತ್ತ ಒಂದ್ ಗುಂಪು ಬರೂದೈತಿ. ಬ್ಯಾಡ ಅನ್ನಾಕ ಅಪ್ಪಗ ಮನಸಿಲ್ಲ. ಏನ್ ಕೇಳಬೇಕ್ರಿ ಅವರನ್ನ?
(ಇಳಕಲ್ ಹತ್ತಿರದ ಓದುಗಿ)

ಉತ್ತರ: ಬ್ಯಾಡ ಅನ್ನಬೇಡಿ ತಂಗಿ, ಆದ್ರೆ ಈ ಸಲ ಚಹಾ ಕೊಡೋ ಮುಂಚೆ ಒಂದು ಹಾಳೆ ಕೊಡಿ.

ಮೊದಲನೇ ಮಾತು ಸ್ಯಾಂಪಲ್‌ದು. ನಿಮಗೆ ಗೊತ್ತಿರೋದೇ, ಬಂದವರಿಗೆ ಗೊತ್ತಿರಲ್ಲ: ಇಳಕಲ್ ಸೀರೆಯಲ್ಲಿ ಮೈ ಹಾಸು ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಎಳೆ ಎಳೆ ಕೊಂಡಿ ಹಾಕಿ ಕೂಡಿಸ್ಬೇಕು, ಟೋಪ್ ತೆನಿ ಅಂದ್ರೆ ಅದೇ, ಹಾಗಾಗಿ ಒಂದು ಸೀರೆಗೆ ಒಂದು ಹಾಸು. 'ಬಣ್ಣ ಒಂಚೂರು ಬದಲಾಯ್ಸಿ ಅರ್ಧ ಮೀಟರ್ ಕೊಡಿ' ಅನ್ನೋದು ಅವರಿಗೆ ಕಂಪ್ಯೂಟರ್‌ನಲ್ಲಿ ಒಂದು ಕ್ಲಿಕ್ಕು, ನಿಮ್ಮ ಮನೇಲಿ ಅದು ಹೊಸ ಹಾಸು, ಅಷ್ಟು ದಿನ ಮಗ್ಗ ಮಾಮೂಲಿ ಸೀರೆಗೆ ಸಿಗಲ್ಲ. ಸಾವಕಾರರ ನೂಲು ಮಗ್ಗದ ಮೇಲಿದ್ರೆ ಅವರಿಗೂ ಉತ್ತರ ಹೇಳ್ಬೇಕು. ಅದಕ್ಕೆ ಮಗ್ಗ ನಿಂತ ದಿನಕ್ಕೆ ಇಷ್ಟು ಮಜೂರಿ ಅಂತ, ಅವ್ವನ ಕಂಡಿಕೆ ಕೂಲಿನೂ ಸೇರಿಸಿ, ಅರ್ಧ ಮುಂಗಡ ಅಂತ ಹಾಳೆಯಲ್ಲಿ ಮೊದಲ ಸಾಲೇ ಬರೀರಿ. ಅವ್ವನ ಕೂಲಿನ ಯಾರೂ ಎಣಿಸಲ್ಲ, ನೀವಾದ್ರೂ ಎಣಿಸಿ.

ಫೋಟೋ ಎಲ್ಲೆಲ್ಲಿ ಹಾಕ್ತೀರಿ ಅಂತ ಬರೆಸಿಕೊಳ್ಳಿ, ಕಾಲೇಜ್ ವರದಿಗೆ ಬೇರೆ, ಮಾರೋಕೆ ಬೇರೆ. ಟ್ಯಾಗ್ ಮೇಲೆ ಅಪ್ಪನ ಹೆಸರು ಹಾಕೋದಾದ್ರೆ ಸ್ಪೆಲ್ಲಿಂಗ್ ನೀವೇ ಬರೆದುಕೊಡಿ. ವರದಿ ಒಂದು ಪ್ರತಿ ನಿಮ್ಮ ಮನೆಗೆ ಬರಬೇಕು, ಕನ್ನಡದಲ್ಲಿ ಎರಡು ಪುಟ ಆದ್ರೂ ಇರಬೇಕು.

ಡಿಸೈನ್ ಕಲಿಯೋರು ಊರಿಗೆ ಬಂದ್ರೆ ಒಳ್ಳೇದಾಗಿರೋ ಉದಾಹರಣೆನೂ ಇದೆ. 1975ರಲ್ಲಿ ಅಹಮದಾಬಾದಿನ ಐಐಎಂನ ರವಿ ಮಥಾಯ್ ಅವರು ಡಿಸೈನ್ ಕಲಿಸೋ ಸಂಸ್ಥೆ ಎನ್‌ಐಡಿ ಜೊತೆ ಸೇರಿ ರಾಜಸ್ಥಾನದ ಜವಾಜಾದಲ್ಲಿ ನೇಕಾರರು, ಚರ್ಮದ ಕೆಲಸದವರ ಜೊತೆ ಶುರು ಮಾಡಿದ ಪ್ರಾಜೆಕ್ಟು. ಅಲ್ಲಿ ಗುರಿ ಇದ್ದಿದ್ದು ಕೆಲಸಗಾರರೇ ಮಾರುಕಟ್ಟೆ, ಲೆಕ್ಕ ಎಲ್ಲ ಸ್ವಂತ ನೋಡಿಕೊಳ್ಳೋ ಹಾಗೆ ಆಗ್ಬೇಕು ಅನ್ನೋದು, ಚಂದದ ಫೋಟೋ ಆಲ್ಬಮ್ ಅಲ್ಲ. ನೀವೂ ಬಂದವರಿಗೆ ಕೆಲಸ ಹಚ್ಚಿ. ನಿಮ್ಮ ಬಿಲ್ ಬುಕ್, ವಿಸಿಟಿಂಗ್ ಕಾರ್ಡ್, ಸೀರೆಗೆ ಕಟ್ಟೋ ಚೀಟಿ, ಫೋನ್‌ನಲ್ಲಿ ಸೀರೆ ಫೋಟೋ ಬಣ್ಣ ಸರಿಯಾಗಿ ಬರೋ ಹಾಗೆ ತೆಗೆಯೋದು, ಇಷ್ಟನ್ನ ಮಾಡಿಕೊಟ್ಟು ಹೋಗಲಿ. ಹ್ಯಾಂಡ್‌ಲೂಮ್ ಮಾರ್ಕ್ ಅಂತ 2006ರಿಂದ ಇದೆ, ಜವಳಿ ಸಮಿತಿಯವರು ಕೊಡೋದು, ಕೈಮಗ್ಗದ್ದೇ ಅನ್ನೋದಕ್ಕೆ ಗುರುತು. ಜಿಐ ಹೆಸರು ಬಳಸೋಕೆ ಅಪ್ಪ ಅಧಿಕೃತ ಬಳಕೆದಾರ ಅಂತಲೂ ನೋಂದಾಯಿಸ್ಕೊಬಹುದು. ಎರಡರ ಅರ್ಜಿನೂ ಆ ಹುಡುಗರ ಕೈಲೇ ತುಂಬ್ಸಿ, ಅವರಿಗೂ ಬ್ರ್ಯಾಂಡಿಂಗ್ ಅಂದ್ರೆ ಏನೇನು ಕಾಗದ ಇರತ್ತೆ ಅಂತ ಗೊತ್ತಾಗತ್ತೆ.

ಜಾಹೀರಾತಿನ ಫೋಟೋ ಸ್ಕ್ರೀನ್‌ಶಾಟ್ ಇದ್ರೆ ಇಟ್ಕೊಳಿ. ಯಾವ ವರ್ಷದ ಗುಂಪು ತೆಗೆದಿದ್ದು ಅಂತ ನೆನಪಿದ್ರೆ ಅವರ ಕಾಲೇಜ್‌ಗೆ ಒಂದು ಪತ್ರ ಹಾಕಿ, ಬೈಯೋದೇನು ಬೇಡ, 'ಇದು ನಮ್ಮ ಅಪ್ಪನ ಕೈ, ಕೇಳದೇ ಹಾಕಿದ್ದಾರೆ' ಅಂತ ಎರಡು ಸಾಲು ಸಾಕು.

ಪ್ರಶ್ನೆ: ಕಲೆಕ್ಷನ್‌ಗೆ ಸಂಸ್ಕೃತದ ಹೆಸರು ಇಟ್ರೆ ಕ್ಲಾಸ್ ಆಗಿರತ್ತೆ ಅಂತ ನಮ್ಮ ಗೈಡ್ ಹೇಳ್ತಾರೆ. ನಿಮ್ಮ ಅಭಿಪ್ರಾಯ?
(ದಾವಣಗೆರೆ)

ಉತ್ತರ: ಯಾವ ಎಕ್ಸಿಬಿಷನ್‌ಗೆ ಹೋದ್ರೂ ಸಾಲಾಗಿ ಐದು ಸ್ಟಾಲ್ ಸಂಸ್ಕೃತದ ಹೆಸರಿನವೇ, ಯಾವುದು ಯಾವುದು ಅಂತ ನಂಗೆ ಇವತ್ತಿಗೂ ಗೊತ್ತಾಗಲ್ಲ. ನಿಮ್ಮ ಅಜ್ಜಿಗೆ ಫೋನ್ ಮಾಡಿ ಆ ಹೆಸರು ಹೇಳಿ. 'ಏನಂದೆ?' ಅಂತ ಎರಡು ಸಲ ಕೇಳಿದ್ರೆ ಬೇರೆ ಹುಡುಕಿ.